ಡೆಕ್ಕಿನ ತೊಲೆ: ಎಷ್ಟು ದೂರಕ್ಕೊಂದು ಕಂಬ?

ಮಲೆನಾಡಿನ ಹೋಂಸ್ಟೇಗಳಲ್ಲಿ ಈಗ ಕಣಿವೆಯತ್ತ ಚಾಚಿದ ಮರದ ಡೆಕ್ ಇರಲೇಬೇಕು. ಹಲಗೆ, ಕಟಕಟೆ, ಪಾಲಿಶ್ ಕುರಿತು ವಾರಗಟ್ಟಲೆ ಚರ್ಚೆಯಾಗುತ್ತದೆ. ಅಡಿಯ ತೊಲೆಗೆ ಎಷ್ಟು ದೂರಕ್ಕೊಂದು ಕಂಬ ಎಂಬುದು ಮಾತ್ರ ಕಣ್ಣಳತೆಯಲ್ಲೇ ಮುಗಿದುಹೋಗುತ್ತದೆ. ಹೆಂಚಿನ ಮಾಡಿಗೆ ಸರಿಹೋದ ಅಂದಾಜು ಇಲ್ಲಿ ಸಾಲದು. ಹೆಂಚು ಇದ್ದಲ್ಲೇ ಇರುತ್ತದೆ, ಜನ ಸೂರ್ಯಾಸ್ತದ ಹೊತ್ತಿಗೆ ಒಂದೇ ಅಂಚಿಗೆ ನುಗ್ಗುತ್ತಾರೆ.

ಮೊದಲು ಭಾರ ಹಿಡಿಯಿರಿ. ಮನೆಯ ಬಾಲ್ಕನಿಗೆ ಚದರ ಮೀಟರಿಗೆ ಸುಮಾರು 300 ಕಿಲೊ, ಅತಿಥಿಗಳು ಸೇರುವ ಕಡೆ 400. ಮರದ ಸ್ವಂತ ತೂಕಕ್ಕೆ ಇನ್ನು 50 ಸೇರಿಸಿ: ಒಟ್ಟು 450.

ಎರಡು ತೊಲೆಗಳ ನಡುವೆ 2.4 ಮೀಟರ್ ಇದೆ ಎನ್ನಿ. ಮೇಲಿನ ಜಂತೆಗಳ ಭಾರದಲ್ಲಿ ಅರ್ಧರ್ಧ ಎರಡೂ ತೊಲೆಗಳಿಗೆ ಹಂಚಿಹೋಗುತ್ತದೆ. ಅಂದರೆ ಪ್ರತಿ ತೊಲೆಯ ಪಾಲಿಗೆ 1.2 ಮೀಟರ್ ಅಗಲದ ಪಟ್ಟಿ. 450ನ್ನು 1.2ರಿಂದ ಗುಣಿಸಿದರೆ ಮೀಟರಿಗೆ 540 ಕಿಲೊ, ಸೆಂಟಿಮೀಟರಿಗೆ 5.4.

ಈಗ ತೊಲೆಯ ತಾಕತ್ತು. 4×8 ಇಂಚಿನದು ಕೊಯ್ದು ಕೀಸಿದ ಮೇಲೆ 10×20 ಸೆಂ.ಮೀ. ಉಳಿದರೆ ಪುಣ್ಯ. ಅಗಲವನ್ನು ಎತ್ತರದಿಂದ ಎರಡು ಸಲ ಗುಣಿಸಿ 6ರಿಂದ ಭಾಗಿಸಿ: 667. ಚೆನ್ನಾಗಿ ಒಣಗಿದ, ಗಂಟಿಲ್ಲದ ಸಾಗುವಾನಿ ಚದರ ಸೆಂಟಿಮೀಟರಿಗೆ ನೂರಕ್ಕೂ ಹೆಚ್ಚು ಕಿಲೊ ಬಾಗುಬಲ ತಾಳುತ್ತದೆ; ಆದರೆ ಮಳೆಗಾಲವಿಡೀ ನೆನೆಯುವ ಮರಕ್ಕೆ ನಾನಂತೂ 80 ದಾಟುವುದಿಲ್ಲ. 667ನ್ನು 80ರಿಂದ, ಮತ್ತೆ 8ರಿಂದ ಗುಣಿಸಿ, 5.4ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಬರುವುದು 281 ಸೆಂ.ಮೀ.

ಇದು ಗರಿಷ್ಠ ಮಿತಿ. ಕಂಬ ನೆಡಬೇಕಾದ ದೂರ ಇದಲ್ಲ. ವರ್ಷಗಟ್ಟಲೆ ಭಾರ ಹೊತ್ತ ಮರ ನಿಧಾನವಾಗಿ ಇನ್ನಷ್ಟು ಜಗ್ಗುತ್ತದೆ. ಅಂಕಣವನ್ನು 2.4 ಮೀಟರಿಗೆ, ಅಂದರೆ ಎಂಟು ಅಡಿಗೆ ಇಳಿಸಿ. ಆಗ ತೊಲೆಯ ನಡು ಸುಮಾರು 4–5 ಮಿ.ಮೀ. ಇಳಿಯುತ್ತದೆ, ಅಂಕಣದ 240ರಲ್ಲೊಂದು ಭಾಗ, ಎಂದರೆ 10 ಮಿ.ಮೀ. ತನಕ ಸಹ್ಯ. ಮೇಲಿನ ಜಂತೆಗೆ 2×6 ಇಂಚು, 40 ಸೆಂ.ಮೀ.ಗೊಂದರಂತೆ ಸಾಕು.

ಕಂಬದ ಖರ್ಚು ಉಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಅಂಕಣ ಇಮ್ಮಡಿಯಾದರೆ ಬಾಗುಬಲ ನಾಲ್ಕು ಪಟ್ಟು, ಜಗ್ಗು ಹದಿನಾರು ಪಟ್ಟು! ಕಂಬ ತಪ್ಪಿಸಲೇಬೇಕೆಂದರೆ ತೊಲೆಯ ಎತ್ತರ ಹೆಚ್ಚಿಸಿ. ದಪ್ಪ ಹೆಚ್ಚಿಸಿದರೆ ಅಷ್ಟು ಲಾಭವಿಲ್ಲ. ಅದೇ 4×8 ತೊಲೆಯನ್ನು ಮಗ್ಗುಲಾಗಿ ಮಲಗಿಸಿದರೆ ಶಕ್ತಿ ಅರ್ಧಕ್ಕಿಳಿದು ಜಗ್ಗು ನಾಲ್ಕು ಪಟ್ಟಾಗುತ್ತದೆ.

ತೋಟದಲ್ಲೇ ಇದೆಯೆಂದು ಸಿಲ್ವರ್ ಓಕ್ ಕಡಿಯಬೇಡಿ, ಹೊರಗಿನ ಮಳೆಗೆ ಅದು ಬಾಳುವುದಿಲ್ಲ. ಚೇಗಿರುವ ಮರವನ್ನೇ ಆರಿಸಿ, ದೊಡ್ಡ ಗಂಟು ತೊಲೆಯ ನಡುವಿನ ಕೆಳ ಅಂಚಿಗೆ ಬರದಂತೆ ನೋಡಿಕೊಳ್ಳಿ. ವಿದ್ಯುತ್ ಪೈಪಿಗೆಂದು ಅಲ್ಲಿ ಕಚ್ಚು ಹೊಡೆಯಲು ಬಿಡಬೇಡಿ. ಎರಡು ತುಂಡು ಜೋಡಿಸುವುದಾದರೆ ಜೋಡಣೆ ಕಂಬದ ತಲೆಯ ಮೇಲೇ ಕೂರಬೇಕು. ಡೆಕ್ಕಿನ ಎತ್ತರ ಆಳುದ್ದ ಮೀರಿದರೆ, ಅಥವಾ ಅದರ ಮೇಲೆ ನೀರಿನ ಟ್ಯಾಂಕ್ ಇಡುವ ಯೋಚನೆಯಿದ್ದರೆ (ಸಾವಿರ ಲೀಟರ್ ಎಂದರೆ ಒಂದು ಟನ್), ಮರ ಕೊಯ್ಸುವ ಮೊದಲೇ ಈ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.