ಮಲಬದ್ಧತೆಗೂ ಸೊಂಟದ ಕೀಲುನೋವಿಗೂ ನಂಟುಂಟೆ?

ಪ್ರಶ್ನೆ: ನಮ್ಮೂರು ವಿಜಯಪುರದ ಕಡೆ. ನಾಸಿಕದ ಅಂಬಡ್ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಮಲಬದ್ಧತೆ ಬಹಳ ವರ್ಷದ್ದು. ಈಗೀಗ ಸೊಂಟದ ಕೆಳಗೆ ಬಲಕ್ಕೆ, ಕೀಲಿನಲ್ಲೇ ನೋವು. ಎರಡಕ್ಕೂ ಸಂಬಂಧ ಇದೆಯೇ?

ಉತ್ತರ: ಇರಬಹುದು. ಆದರೆ ಮಲಬದ್ಧತೆಯಿಂದ ಕೀಲು ಸವೆಯುತ್ತದೆ ಎಂದು ಹೆದರಬೇಡಿ. ನೀವು ಹೇಳುವ ಜಾಗದಲ್ಲಿರುವುದು ಬೆನ್ನುಮೂಳೆಯ ಬುಡವೂ ಸೊಂಟದ ಮೂಳೆಯೂ ಕೂಡುವ ಸೇಕ್ರೋಇಲಿಯಾಕ್ ಕೀಲು. ಅದು ಅಲುಗುವುದೇ ಕೆಲವು ಮಿಲಿಮೀಟರ್. ಸೊಂಟದ ಗೂಡಿನ ತಳದಲ್ಲಿ, ಮುಂದಿನ ಮೂಳೆಯಿಂದ ಬಾಲದ ಮೂಳೆಯವರೆಗೆ ಹರಡಿದ ಸ್ನಾಯುಗಳು ಗುದನಾಳವನ್ನು ಹೊತ್ತಿವೆ. ಮಲ ಹೋಗುವಾಗ ಇವು ಸಡಿಲಾಗಬೇಕು. ವರ್ಷಗಟ್ಟಲೆ ತಿಣುಕಿದ ಕೆಲವರಲ್ಲಿ ಆ ಹೊತ್ತಿಗೇ ಬಿಗಿಯುತ್ತವೆ. ಆ ಬಿಗಿತದ ನೋವು ಬಾಲದ ಮೂಳೆ, ಪೃಷ್ಠ, ಸೊಂಟಕ್ಕೆ ಹರಡಿದಾಗ ಕೀಲೇ ನೋಯುತ್ತಿದೆ ಅನ್ನಿಸುತ್ತದೆ. ನೋವಿಗೆಂದು ಟ್ರಮಡಾಲ್, ಕೋಡೀನ್ ಇರುವ ಮಾತ್ರೆ ನುಂಗಿದರೆ ಮಲ ಇನ್ನಷ್ಟು ಕಟ್ಟುತ್ತದೆ.

ಇಲ್ಲೊಂದು ಮಾತು ಕೇಳಲೇಬೇಕು. ಪಾಳಿಯ ನಡುವೆ ಹೊಟ್ಟೆ ಕರೆದಾಗ ಯಂತ್ರ ಬಿಟ್ಟು ಹೋಗುತ್ತೀರೋ, ತಡೆದುಕೊಳ್ಳುತ್ತೀರೋ? ದಿನವೂ ತಡೆದರೆ ಗುದನಾಳಕ್ಕೆ ಆ ಕರೆಯ ಅರಿವೇ ಮಂದವಾಗುತ್ತದೆ, ಮಲದ ನೀರು ಹೀರಿ ಗಟ್ಟಿಯಾಗುತ್ತದೆ. ಕಾರ್ಮಿಕರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಶೌಚಾಲಯ ಅವರಿಗೆ ಸಿಗಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 19ನೇ ಕಲಮೇ ವಿಧಿಸಿತ್ತು. ಆದ್ದರಿಂದ ಹೋಗಿಬರಲು ಸಂಕೋಚ ಬೇಡ; ಮೇಲ್ವಿಚಾರಕರ ಮುಖ ನೋಡಿ ತಡೆಯುವಂಥದ್ದಲ್ಲ ಇದು.

ಊರಿನ ಜೋಳದ ರೊಟ್ಟಿ, ಕಾಳುಪಲ್ಯ ಅಲ್ಲಿಯೂ ಬಿಡಬೇಡಿ. ದಿನಾ ವಡಾಪಾವ್‌ನಲ್ಲೇ ಹೊಟ್ಟೆ ತುಂಬಿಸಿದರೆ ನಾರು ಎಲ್ಲಿಂದ ಬರಬೇಕು? ಇಸಬ್‌ಗೋಲ್ ತೆಗೆದುಕೊಂಡರೆ ನೀರು ಧಾರಾಳ ಬೇಕು. ತಿಂಡಿಯ ನಂತರ ಕರುಳು ತಾನಾಗಿ ಚುರುಕಾಗುತ್ತದೆ, ಆಗಲೇ ಹೋಗಿ. ಕಮೋಡ್ ಆದರೆ ಕಾಲಡಿ ಮಣೆ ಇಟ್ಟುಕೊಳ್ಳಿ. ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರಿಗೆ ತೋರಿಸಿ. ತಳದ ಸ್ನಾಯುಗಳನ್ನು ಸಡಿಲಿಸಲು ಕಲಿಸುವ ಫಿಸಿಯೊಥೆರಪಿ ಇದೆ.

ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಸೊಂಟ ಮರಗಟ್ಟಿ, ಓಡಾಡಿದ ಮೇಲೆ ಹಗುರಾಗುತ್ತಿದ್ದರೆ ವಿಷಯ ಬೇರೆ. ಅದು ಕೀಲಿನ ಉರಿಯೂತ ಇರಬಹುದು, ಸಂಧಿವಾತ ತಜ್ಞರಿಗೆ ತೋರಿಸಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೂ ತಡಮಾಡಬೇಡಿ. ತೊಡೆಸಂದು ಜೋಮುಹಿಡಿದು, ಮೂತ್ರ ಕಟ್ಟಿ, ಕಾಲು ಸೋತರೆ ಅದು ನರಗಳ ತುರ್ತು. ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ.