ಹೆದ್ದಾರಿ ಲಾರಿಗಳ ಡೀಸೆಲ್ ಎಂಜಿನ್ನುಗಳು: ಒಂದು ತೌಲನಿಕ ವಿವೇಚನೆ

ಉಪಮೆಗೆ ಉಪಮಾನ, ಉಪಮೇಯಗಳೆರಡೂ ಇದ್ದರೆ ಸಾಲದು. ಅವೆರಡನ್ನೂ ಕೂಡಿಸುವ ಸಾಧಾರಣ ಧರ್ಮವೊಂದು ಬೇಕೆಂಬುದು ಅಲಂಕಾರಶಾಸ್ತ್ರದ ಮೊದಲ ಪಾಠ. ಯಂತ್ರಗಳನ್ನು ಹೋಲಿಸುವಾಗ ಈ ಪಾಠವನ್ನು ಮರೆಯುವವರೇ ಹೆಚ್ಚು. ನಮ್ಮ ಶಾಲೆಯಲ್ಲಿ ಓದಿದವರ ಪೈಕಿ ಲಾರಿಯನ್ನೇ ಜೀವನಾಧಾರವಾಗಿ ಉಳ್ಳವರು ಹಲವರಿದ್ದಾರೆ. ಅವರು ನಾಲ್ವರು ಕೂಡಿದಲ್ಲಿ "ಎಷ್ಟು ಹಾರ್ಸ್ ಪವರ್?" ಎಂಬ ಪ್ರಶ್ನೆಯಿಂದ ಮೊದಲಾದ ಚರ್ಚೆ ಅದರ ಉತ್ತರದೊಂದಿಗೇ ಮುಗಿಯುವುದನ್ನು ಕೇಳಿದ್ದೇನೆ. ಸಾಲ ಮಾಡಿ ಕೊಂಡ ಲಾರಿಯ ಎಂಜಿನ್ನು ದಾರಿಗೂ ಹೇರಿಗೂ ಹೊಂದದಿದ್ದರೆ, ಕಂತಿಗೆ ಸಲ್ಲಬೇಕಾದ ಹಣ ಡೀಸೆಲ್ಲಿಗೆ ಸಲ್ಲುತ್ತದೆ. ಪಂಡಿತನಿಗೇಕೆ ಈ ಉಸಾಬರಿ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಹೋಲಿಸಿ ನೋಡುವುದು ನಮ್ಮ ಕಸುಬೇ ಅಲ್ಲವೆ?

ತುಲನೆಗೆ ಅಮೆರಿಕದ ಹೆದ್ದಾರಿಗಳನ್ನು ಆಯ್ದುಕೊಂಡಿದ್ದೇನೆ. ಅಲ್ಲಿನ ಅಂತರರಾಜ್ಯ ಹೆದ್ದಾರಿಗಳಲ್ಲಿ ಲಾರಿಯ ಒಟ್ಟು ತೂಕ ಸಾಮಾನ್ಯವಾಗಿ ೮೦,೦೦೦ ಪೌಂಡುಗಳನ್ನು, ಎಂದರೆ ಸುಮಾರು ೩೬ ಟನ್ನುಗಳನ್ನು, ಮೀರುವಂತಿಲ್ಲ. ಮೇಲಾಗಿ, ಒಂದೇ ಲಾರಿಗೆ ಬೇರೆ ಬೇರೆ ಕಂಪನಿಗಳ ಎಂಜಿನ್ನುಗಳಲ್ಲಿ ಬೇಕಾದುದನ್ನು ಕೂಡಿಸಿಕೊಳ್ಳುವ ವಾಡಿಕೆ ಅಲ್ಲಿ ಬಹುಕಾಲದಿಂದ ಇದೆ. ಹೇರು ಒಂದೇ, ಬಂಡಿ ಒಂದೇ, ಎತ್ತು ಮಾತ್ರ ಬೇರೆ. ಪರೀಕ್ಷೆಗೆ ಇದಕ್ಕಿಂತ ಅನುಕೂಲ ಬೇರೆಲ್ಲಿ?

ಮೊದಲು ಹೆಸರುಗಳು. ಸಮಾಸಪದವನ್ನು ಬಿಡಿಸಿದಂತೆ ಇವನ್ನೂ ಬಿಡಿಸಬಹುದು. ಡೆಟ್ರಾಯಿಟ್ ಡೀಸೆಲ್ಲಿನ '೬-೭೧' ಎಂದರೆ ಆರು ಸಿಲಿಂಡರು, ಪ್ರತಿಯೊಂದರ ಅಳತೆ ೭೧ ಘನ ಅಂಗುಲ. ಕಮಿನ್ಸ್ '೮೫೫' ಎಂದರೆ ಒಟ್ಟು ೮೫೫ ಘನ ಅಂಗುಲ, ಸುಮಾರು ೧೪ ಲೀಟರು. ನಮ್ಮ ಟಾಟಾ ಲಾರಿಗಳ '೬೯೭' ಕೂಡ ಇದೇ ಜಾತಿಯದು: ಆರು ಸಿಲಿಂಡರು, ೯೭ ಮಿಲಿಮೀಟರ್ ವ್ಯಾಸ. ಹೆಸರು ಗಾತ್ರವನ್ನು ಹೇಳುತ್ತದೆ, ಗುಣವನ್ನು ಹೇಳುವುದಿಲ್ಲ.

ಗುಣವನ್ನು ಅರಿಯಲು ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಎಂಜಿನ್ನು ತನ್ನ ದಂಡವನ್ನು ತಿರುಚುವ ಬಲವೇ ಟಾರ್ಕ್. ಮೆಕ್ಯಾನಿಕ್ಕುಗಳು 'ಪುಲ್ಲಿಂಗ್' ಎನ್ನುವುದು ಹೆಚ್ಚುಕಡಿಮೆ ಇದನ್ನೇ. ಆ ಬಲವನ್ನು ಸುತ್ತುಗಳ ವೇಗದಿಂದ ಗುಣಿಸಿದಾಗ ದೊರೆಯುವುದು ಅಶ್ವಶಕ್ತಿ. ಆದುದರಿಂದ ಒಂದೇ ಅಶ್ವಶಕ್ತಿಯನ್ನು ಎರಡು ದಾರಿಗಳಿಂದ ಪಡೆಯಬಹುದು. ನಿಮಿಷಕ್ಕೆ ೨೧೦೦ ಸುತ್ತು ತಿರುಗಿ ೪೦೦ ಅಶ್ವಶಕ್ತಿ ಕೊಡುವ ಎಂಜಿನ್ನಿಗೆ ಆ ವೇಗದಲ್ಲಿ ಸುಮಾರು ೧೩೫೬ ನ್ಯೂಟನ್-ಮೀಟರ್ ತಿರುಚುಬಲ ಸಾಕು. ಅದೇ ೪೦೦ನ್ನು ೧೨೦೦ ಸುತ್ತಿನಲ್ಲಿ ಕೊಡಬೇಕಾದರೆ ಸುಮಾರು ೨೩೭೪ ಬೇಕು. ಫಲಕದ ಮೇಲೆ ಎರಡೂ ೪೦೦. ಆದರೆ ಮೊದಲನೆಯದು ಓಡೋಡಿ ದುಡಿಯುವ ಎತ್ತು, ಎರಡನೆಯದು ಹೆಜ್ಜೆಯೂರಿ ಎಳೆಯುವ ಎತ್ತು. ಸುತ್ತು ಹೆಚ್ಚಿದಂತೆಲ್ಲ ಪಿಸ್ಟನ್ನು, ಬೇರಿಂಗು, ಪಂಪುಗಳ ಘರ್ಷಣೆಯಲ್ಲಿ ನಷ್ಟವಾಗುವ ಶಕ್ತಿಯೂ ಹೆಚ್ಚುತ್ತದೆ. ನಿಧಾನವಾಗಿ ತಿರುಗುವ ಎಂಜಿನ್ನಿನಲ್ಲಿ ಈ ನಷ್ಟ ಕಡಿಮೆ. ಹಾಗೆಂದು ಅದು ಪುಕ್ಕಟೆಯಲ್ಲ: ಸಿಲಿಂಡರಿನೊಳಗಿನ ಒತ್ತಡ ಏರುವುದರಿಂದ ಇಡೀ ದೇಹ ಗಟ್ಟಿಯಾಗಬೇಕು, ಗೇರುಪೆಟ್ಟಿಗೆ, ಆಕ್ಸಲ್ಲುಗಳೂ ಆ ಬಲವನ್ನು ತಾಳಬೇಕು.

ಹೆದ್ದಾರಿಯ ಎಂಜಿನ್ನುಗಳ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ ಸ್ವಾರಸ್ಯವಾಗಿದೆ. ೧೯೩೮ರಲ್ಲಿ ಬಂದ ಡೆಟ್ರಾಯಿಟ್ ೭೧ ಮಾಲೆಯವು ಎರಡು ಹೊಡೆತದವು. ದಂಡದ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರಿನಲ್ಲಿ ಒಮ್ಮೆ ಉರಿತ. ನಾಲ್ಕು ಹೊಡೆತದ ಕಮಿನ್ಸ್ ೮೫೫ರಲ್ಲಾದರೋ ಎರಡು ಸುತ್ತಿಗೆ ಒಮ್ಮೆ. ಹಾಗಾದರೆ ಮೊದಲನೆಯದೇ ಮೇಲಲ್ಲವೆ? ಅಲ್ಲ. ಎರಡು ಹೊಡೆತದ ಎಂಜಿನ್ನು ತಾನಾಗಿ ಉಸಿರೆಳೆಯಲಾರದು. ಗಾಳಿಯನ್ನು ನೂಕಲು ಬೀಸಣಿಗೆಯಂತಹ ಬ್ಲೋವರೊಂದು ಬೇಕು, ಅದನ್ನು ತಿರುಗಿಸುವ ಶಕ್ತಿಯೂ ಎಂಜಿನ್ನಿನಿಂದಲೇ ಬರಬೇಕು. ಸುತ್ತು ಇಳಿಯಿತೆಂದರೆ ಎಳೆತ ಕುಗ್ಗುವುದರಿಂದ ಚಾಲಕನು ಸದಾ ಮೇಲಿನ ವೇಗದಲ್ಲೇ ಓಡಿಸಬೇಕು. ಅಲ್ಲಿನ ಚಾಲಕರು ಅದರ ಸದ್ದಿಗೆ 'ಕಿರಿಚುವ ಜಿಮ್ಮಿ' ಎಂದು ಹೆಸರಿಟ್ಟಿದ್ದರು; ಸಾರ್ಥಕ ನಾಮಧೇಯವೇ ಸರಿ. ೧೯೭೩ರಲ್ಲಿ ತೈಲದ ಬೆಲೆ ಸಿಡಿದಾಗ ಈ ಕಿರಿಚಾಟ ದುಬಾರಿಯಾಯಿತು. ಕೊನೆಗೆ ಡೆಟ್ರಾಯಿಟ್ ಡೀಸೆಲ್ಲೇ ೧೯೮೭ರಲ್ಲಿ ನಾಲ್ಕು ಹೊಡೆತದ 'ಸೀರೀಸ್ ೬೦' ಎಂಜಿನ್ನನ್ನು ತಂದಿತು. ಡೀಸೆಲ್ ಸಿಂಪಡಿಸುವ ಕ್ಷಣವನ್ನೂ ಪ್ರಮಾಣವನ್ನೂ ವಿದ್ಯುನ್ಮಾನ ನಿಯಂತ್ರಣಕ್ಕೆ ಒಪ್ಪಿಸಿದ್ದು ಅದರ ಹಿರಿಮೆ.

ಇಂದು ಅಲ್ಲಿ ಹೆಚ್ಚಾಗಿ ಕಾಣುವ ಮೂರನ್ನು ನೋಡೋಣ. ಕಮಿನ್ಸ್ ಎಕ್ಸ್ ೧೫ರ ವ್ಯಾಸ ೧೩೭ ಮಿಲಿಮೀಟರ್, ಪಿಸ್ಟನ್ನಿನ ಓಟ ೧೬೯. ಡೆಟ್ರಾಯಿಟ್ ಡಿಡಿ ೧೫ರಲ್ಲಿ ಇವು ೧೩೯ ಮತ್ತು ೧೬೩. ವೋಲ್ವೊ ಡಿ ೧೩ರಲ್ಲಿ ೧೩೧ ಮತ್ತು ೧೫೮. ಮೂರರಲ್ಲಿಯೂ ಓಟ ವ್ಯಾಸಕ್ಕಿಂತ ಉದ್ದ. ಮೂರೂ ನಿಧಾನದ ಎಳೆತಕ್ಕೆಂದೇ ಹುಟ್ಟಿದವು. ಮೊದಲೆರಡು ಸುಮಾರು ೧೫ ಲೀಟರಿನವು, ವೋಲ್ವೊ ೧೨.೮ ಲೀಟರಿನದು. ಸಮತಟ್ಟಾದ ದಾರಿಯಲ್ಲಿ ನಿಶ್ಚಿತ ಭಾರವನ್ನು ಸಾಗಿಸುವವನಿಗೆ ೧೩ ಲೀಟರು ಸಾಕೆಂದು ನನ್ನ ಮತ: ಎಂಜಿನ್ನು ಹಗುರವಾದಷ್ಟೂ ಸರಕಿಗೆ ಎಡೆ ಹೆಚ್ಚು. ಬೆಟ್ಟದ ಏರು ದಿನವೂ ಎದುರಾಗುವವನಿಗೆ ೧೫ ಲೀಟರಿನದು ವ್ಯರ್ಥವಲ್ಲ. ೧೯೯೮ರಲ್ಲಿ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ವೋಲ್ವೊ ಲಾರಿ ಕಾರ್ಖಾನೆ ತೆರೆದಾಗಲೇ ೧೨ ಲೀಟರಿನ ಎಂಜಿನ್ನು ನಮ್ಮ ನಾಡಿಗೂ ಬಂತು, ೫.೭ ಲೀಟರಿನ ೬೯೭ನ್ನು ಕಂಡಿದ್ದ ಕಣ್ಣಿಗೆ ಅದು ಬೇರೆಯೇ ಲೋಕ.

ಹೊಗೆಯ ವಿಚಾರವನ್ನು ಬಿಡುವಂತಿಲ್ಲ. ಅಮೆರಿಕದ ೨೦೧೦ರ ಕಟ್ಟಳೆಗಾಗಿ ಉಳಿದವರು ಹೊಗೆಕೊಳವೆಯಲ್ಲಿ ಯೂರಿಯಾ ದ್ರಾವಣವನ್ನು ಸಿಂಪಡಿಸುವ ಕ್ರಮ ಹಿಡಿದರೆ, ನ್ಯಾವಿಸ್ಟಾರ್ ಕಂಪನಿ ಹೊಗೆಯ ಭಾಗವನ್ನೇ ಮತ್ತೆ ಎಂಜಿನ್ನಿಗೆ ತಿರುಗಿಸುವ ಕ್ರಮವೊಂದನ್ನೇ ನೆಚ್ಚಿತು. ೨೦೧೨ರಲ್ಲಿ ಅದೂ ಯೂರಿಯಾದ ದಾರಿಗೆ ಬಂತು. ನಮ್ಮಲ್ಲಿಯೂ ೨೦೨೦ರ ಏಪ್ರಿಲಿನಿಂದ ಬಿಎಸ್ ೬ ನಿಯಮ ಬಂದ ಮೇಲೆ ಭಾರಿ ಲಾರಿಗಳಿಗೆ ಯೂರಿಯಾದ ಖರ್ಚೂ ಲೆಕ್ಕದಲ್ಲಿ ಸೇರಿದೆ.

ಎಂಜಿನ್ನು ಎಷ್ಟು ಎಳೆಯುತ್ತದೆ ಎಂಬಷ್ಟೇ ಮುಖ್ಯ, ಇಳಿಜಾರಿನಲ್ಲಿ ಎಷ್ಟು ತಡೆಯುತ್ತದೆ ಎಂಬುದು. ೧೯೧೯ರಲ್ಲಿ ಕಮಿನ್ಸ್ ಕಂಪನಿಯನ್ನು ಕಟ್ಟಿದ ಕ್ಲೆಸ್ಸಿ ಕಮಿನ್ಸ್ ೧೯೩೧ರಲ್ಲಿ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯನ್ನು ಲಾರಿಯಲ್ಲಿ ಇಳಿಯುತ್ತಿದ್ದಾಗ ಬ್ರೇಕು ಸೋತು, ಅಡ್ಡ ಬಂದ ರೈಲಿನಿಂದ ಕೂದಲೆಳೆಯಷ್ಟರಲ್ಲಿ ಪಾರಾದರು. ಆ ಭಯವನ್ನು ಮರೆಯದೆ, ನಿವೃತ್ತಿಯ ಬಳಿಕ ಎಂಜಿನ್ ಬ್ರೇಕನ್ನು ರೂಪಿಸಿದರು. ೧೯೬೧ರಿಂದ ಜೇಕಬ್ಸ್ ಕಂಪನಿ ಅದನ್ನು ತಯಾರಿಸಿತು. ಅದುಮಿದ ಗಾಳಿ ಪಿಸ್ಟನ್ನನ್ನು ಮರಳಿ ನೂಕುವ ಮುನ್ನವೇ ಹೊಗೆಯ ಕವಾಟವನ್ನು ತೆರೆದು ಅದನ್ನು ಹೊರಬಿಡುವುದು ಅದರ ಯುಕ್ತಿ. ಗಾಳಿಯನ್ನು ಅದುಮುವ ಶ್ರಮವೆಲ್ಲ ಲಾರಿಯ ಓಟವನ್ನು ತಡೆಯುವುದಕ್ಕೆ ಸಲ್ಲುತ್ತದೆ. ಇಲ್ಲಿ ದೊಡ್ಡ ಸಿಲಿಂಡರಿಗೆ ಸಹಜವಾಗಿಯೇ ಬಲ ಹೆಚ್ಚು. ಆದರೆ ಎಳೆತಕ್ಕೆ ನಿಧಾನದ ಸುತ್ತು ಹೇಗೆ ಹಿತವೋ, ತಡೆತಕ್ಕೆ ಹೆಚ್ಚಿನ ಸುತ್ತು ಹಾಗೆ ಹಿತ. ಶಿರಾಡಿ ಘಾಟಿಯನ್ನು ಹೇರು ಹೊತ್ತು ಇಳಿಯುವ ನುರಿತ ಚಾಲಕನು ತಿರುವಿಗೆ ಮುಂಚೆಯೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ಸುತ್ತನ್ನು ಏರಿಸಿಕೊಳ್ಳುವುದು ಈ ಕಾರಣದಿಂದಲೇ.