ಬಡ್ಡಿರಹಿತ ಹಣಕಾಸು: ವರ್ತಕರು ಅರಿಯಬೇಕಾದ ತತ್ತ್ವಗಳು ಹಾಗೂ ಸಾಧನಗಳು

ಕೊಲ್ಲಿ ರಾಷ್ಟ್ರಗಳಿಗೆ ಅಕ್ಕಿ, ಸಂಬಾರ ಪದಾರ್ಥ, ಸಿದ್ಧ ಉಡುಪು ಮೊದಲಾದ ಸರಕುಗಳನ್ನು ರಫ್ತು ಮಾಡುವ ಕರ್ನಾಟಕದ ವರ್ತಕರಿಗೆ ಅಲ್ಲಿನ ಬ್ಯಾಂಕುಗಳ ಕಾಗದಪತ್ರಗಳಲ್ಲಿ 'ಮುರಾಬಹಾ', 'ಇಜಾರಾ' ಮುಂತಾದ ಪದಗಳು ಎದುರಾಗಬಹುದು. ಸರಕಿನ ಒಡೆತನ ಯಾರದು, ನಷ್ಟದ ಹೊಣೆ ಯಾರದು ಎಂಬುದನ್ನು ಈ ಪದಗಳೇ ನಿರ್ಧರಿಸುವುದರಿಂದ ಇವುಗಳ ಅರ್ಥವನ್ನು ತಿಳಿದಿರುವುದು ಅಗತ್ಯ.

ಮೂಲತತ್ತ್ವಗಳು

ಇಸ್ಲಾಮಿಕ್ ಹಣಕಾಸು ಪದ್ಧತಿಯಲ್ಲಿ ಮೂರು ಸಂಗತಿಗಳು ನಿಷಿದ್ಧ: ರಿಬಾ ಎಂದರೆ ಬಡ್ಡಿ, ಘರರ್ ಎಂದರೆ ಒಪ್ಪಂದದಲ್ಲಿನ ಅತಿಯಾದ ಅನಿಶ್ಚಿತತೆ, ಮೈಸಿರ್ ಎಂದರೆ ಜೂಜು. ಮದ್ಯದಂತಹ ಉದ್ಯಮಗಳಲ್ಲಿ ಹೂಡಿಕೆಯೂ ಸಲ್ಲದು. ಲಾಭವನ್ನು ಬಯಸುವವನು ನಷ್ಟದ ಹೊಣೆಯನ್ನೂ ಹೊರಬೇಕೆಂಬುದೇ ಇದರ ಸಾರ.

ಪ್ರಮುಖ ಸಾಧನಗಳು

1. ಮುರಾಬಹಾ: ಗ್ರಾಹಕನಿಗೆ ಬೇಕಾದ 10,00,000 ರೂಪಾಯಿ ಬೆಲೆಯ ಯಂತ್ರವನ್ನು ಬ್ಯಾಂಕು ಮೊದಲು ತಾನು ಕೊಂಡು, ಅಸಲು ಮತ್ತು ಲಾಭವನ್ನು ತಿಳಿಸಿ, 11,20,000 ರೂಪಾಯಿಗೆ ಕಂತಿನ ಮೇಲೆ ಮಾರುತ್ತದೆ. ಕಂತು ತಡವಾದರೂ ಈ ಮೊತ್ತ ಬೆಳೆಯುವುದಿಲ್ಲ. ದಂಡ ವಿಧಿಸಿದಲ್ಲಿ ಅದು ಧರ್ಮಕಾರ್ಯಕ್ಕೆ ಸಲ್ಲಬೇಕು. ಮಾರುವ ಮುನ್ನ ಯಂತ್ರ ಹಾಳಾದರೆ ನಷ್ಟ ಬ್ಯಾಂಕಿನದೇ. ಆದುದರಿಂದ ಬಿಲ್ಲು ಬ್ಯಾಂಕಿನ ಹೆಸರಿಗೋ ಖರೀದಿದಾರನ ಹೆಸರಿಗೋ ಎಂಬುದನ್ನು ರಫ್ತುದಾರನು ಸರಕು ಸಾಗಿಸುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

2. ಇಜಾರಾ: ಆಸ್ತಿಯನ್ನು ಬ್ಯಾಂಕು ಕೊಂಡು ಬಾಡಿಗೆಗೆ ಕೊಡುವ ವ್ಯವಸ್ಥೆ. ಒಡೆತನಕ್ಕೆ ಸಂಬಂಧಿಸಿದ ಹೊಣೆಗಳು ಮಾಲೀಕನಾದ ಬ್ಯಾಂಕಿನ ಮೇಲಿರುತ್ತವೆ.

3. ಮುಷಾರಕಾ ಮತ್ತು ಮುದಾರಬಾ: ಮುಷಾರಕಾದಲ್ಲಿ ಎಲ್ಲರೂ ಬಂಡವಾಳ ಹೂಡುತ್ತಾರೆ. ಲಾಭವನ್ನು ಒಪ್ಪಿದ ಪ್ರಮಾಣದಲ್ಲಿಯೂ ನಷ್ಟವನ್ನು ಬಂಡವಾಳದ ಪ್ರಮಾಣದಲ್ಲಿಯೂ ಹಂಚಲಾಗುತ್ತದೆ. ಬಂಡವಾಳ 60:40 ಇದ್ದು 1,00,000 ರೂಪಾಯಿ ನಷ್ಟವಾದರೆ, ಪಾಲು ಕ್ರಮವಾಗಿ 60,000 ಮತ್ತು 40,000. ಮುದಾರಬಾದಲ್ಲಿ ಒಬ್ಬನದು ಹಣ, ಇನ್ನೊಬ್ಬನದು ದುಡಿಮೆ; ದುಡಿಯುವವನ ನಿರ್ಲಕ್ಷ್ಯವಿಲ್ಲದಿದ್ದಲ್ಲಿ ನಷ್ಟವೆಲ್ಲ ಹಣ ಹೂಡಿದವನದು.

4. ಸಲಂ ಮತ್ತು ಇಸ್ತಿಸ್ನಾ: ಸಲಂನಲ್ಲಿ ಪೂರ್ಣ ಬೆಲೆಯನ್ನು ಮುಂಗಡವಾಗಿ ಕೊಟ್ಟು ಸರಕನ್ನು ನಂತರ ಪಡೆಯಲಾಗುತ್ತದೆ, ಇದು ಕೃಷಿ ಉತ್ಪನ್ನಗಳಿಗೆ ಒಗ್ಗುತ್ತದೆ. ಇಸ್ತಿಸ್ನಾ ಆದೇಶದ ಮೇರೆಗೆ ತಯಾರಿಸಿಕೊಡುವ ಒಪ್ಪಂದ. ಹಣ ಹಂತಹಂತವಾಗಿ ಬರಬಹುದಾದ್ದರಿಂದ ಸಣ್ಣ ಕೈಗಾರಿಕೆಗಳಿಗೆ ಅನುಕೂಲಕರ.

5. ಸುಕೂಕ್: ಆಸ್ತಿಯಲ್ಲಿನ ಪಾಲನ್ನು ಸೂಚಿಸುವ ಪ್ರಮಾಣಪತ್ರ. 2014ರಲ್ಲಿ ಬ್ರಿಟನ್ ಸರ್ಕಾರವೂ 20 ಕೋಟಿ ಪೌಂಡ್‌ಗಳ ಸುಕೂಕ್ ಹೊರಡಿಸಿತು.

ಮುರಾಬಹಾದ ಲಾಭಾಂಶವನ್ನು ಅನೇಕ ಬ್ಯಾಂಕುಗಳು ಮಾರುಕಟ್ಟೆಯ ಬಡ್ಡಿದರವನ್ನೇ ನೋಡಿ ನಿಗದಿಪಡಿಸುತ್ತವೆಂಬ ಟೀಕೆಯೂ ಇದೆ. ಆದಕಾರಣ ಒಟ್ಟು ವೆಚ್ಚವನ್ನು ಸಾಮಾನ್ಯ ಸಾಲದೊಡನೆ ಹೋಲಿಸಿ ನೋಡುವುದು ಲೇಸು.

ತರಬೇತಿ

ಈ ಕ್ಷೇತ್ರದ ಲೆಕ್ಕಪತ್ರ ಮಾನದಂಡಗಳನ್ನು ಬಹರೈನ್‌ನಲ್ಲಿರುವ 'ಅಯೋಫಿ' ಸಂಸ್ಥೆ ರೂಪಿಸುತ್ತದೆ. ಲೆಕ್ಕಿಗರಿಗೂ ಲೆಕ್ಕಪರಿಶೋಧಕರಿಗೂ ಪ್ರಮಾಣಪತ್ರ ಪರೀಕ್ಷೆಗಳನ್ನು ನಡೆಸುತ್ತದೆ. ಮಲೇಷ್ಯಾದ ಕೇಂದ್ರ ಬ್ಯಾಂಕು 2005ರಲ್ಲಿ ಕೌಲಾಲಂಪುರದಲ್ಲಿ 'ಇನ್‌ಸೀಫ್' ಎಂಬ ಉನ್ನತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿತು. ಅಲ್ಪಾವಧಿ ತರಬೇತಿಯನ್ನು ಆರಿಸುವ ಉದ್ಯಮಿಯು ಅದರಲ್ಲಿ ಒಪ್ಪಂದಗಳ ಮಾದರಿ, ತೆರಿಗೆ ಮತ್ತು ಲೆಕ್ಕ ಬರೆಯುವ ಕ್ರಮ ಇವು ಮೂರೂ ಸೇರಿವೆಯೇ ಎಂದು ವಿಚಾರಿಸಬೇಕು.

ಭಾರತದ ಸ್ಥಿತಿ

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 8ನೆಯ ಕಲಮು ಬ್ಯಾಂಕುಗಳು ಸರಕಿನ ವ್ಯಾಪಾರ ಮಾಡುವುದನ್ನು ನಿಷೇಧಿಸುತ್ತದೆ. ಮುರಾಬಹಾಕ್ಕೆ ಇದೇ ದೊಡ್ಡ ಅಡ್ಡಿ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿತ್ತಾದರೂ, ಪ್ರಸ್ತಾವವನ್ನು ಮುಂದುವರಿಸದಿರಲು ನಿರ್ಧರಿಸಿರುವುದಾಗಿ 2017ರಲ್ಲಿ ರಿಸರ್ವ್ ಬ್ಯಾಂಕ್ ತಿಳಿಸಿತು. ಆದರೆ ಷರಿಯಾ ನಿಯಮಾನುಸಾರ ಷೇರುಗಳನ್ನು ಆಯ್ದುಕೊಳ್ಳುವ ಮ್ಯೂಚುವಲ್ ಫಂಡ್‌ಗಳು ಸೆಬಿಯ ನಿಯಂತ್ರಣದಲ್ಲಿ ಲಭ್ಯವಿವೆ.

ಪಾಲುದಾರಿಕೆಯ ಮೂಲಕ ಈ ತತ್ತ್ವವನ್ನು ಅನುಸರಿಸಬಯಸುವವರು ನಷ್ಟದ ಹಂಚಿಕೆಯನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಬೇಕು. ಇಲ್ಲವಾದಲ್ಲಿ 1932ರ ಕಾಯಿದೆಯ 13ನೆಯ ಕಲಮಿನಂತೆ ಲಾಭನಷ್ಟಗಳೆರಡೂ ಸಮಪಾಲಾಗುತ್ತವೆ. ಹೊರಗಿನ ಸಾಲಗಾರರಿಗೆ ಪ್ರತಿ ಪಾಲುದಾರನೂ ಪೂರ್ಣ ಹೊಣೆ ಎಂಬುದನ್ನೂ ಮರೆಯಬಾರದು.

ಎಚ್ಚರಿಕೆ

'ಹಲಾಲ್ ಹೂಡಿಕೆ'ಯ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐ.ಎಂ.ಎ. ಸಂಸ್ಥೆ 2019ರಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳು ಉಳಿತಾಯವನ್ನು ಕಳೆದುಕೊಂಡವು. ಅದೇ ವರ್ಷ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯಿದೆ ಜಾರಿಗೆ ಬಂದಿತು. ನಷ್ಟದ ಮಾತೇ ಇಲ್ಲದೆ ತಿಂಗಳು ತಿಂಗಳೂ ಖಚಿತ ಪ್ರತಿಫಲದ ಭರವಸೆ ನೀಡುವ ಯೋಜನೆ ಮೇಲೆ ಹೇಳಿದ ತತ್ತ್ವಕ್ಕೇ ವಿರುದ್ಧ. ಹಣ ಕೊಡುವ ಮುನ್ನ ಠೇವಣಿ ಸ್ವೀಕರಿಸುವ ಅನುಮತಿ, ಪರಿಶೋಧಿತ ಲೆಕ್ಕಪತ್ರ ಹಾಗೂ ಹಣ ತೊಡಗಿಸಿದ ಆಸ್ತಿಯ ದಾಖಲೆ ಇವುಗಳನ್ನು ಕೇಳಿ ಪಡೆಯುವುದು ಪ್ರತಿಯೊಬ್ಬ ಹೂಡಿಕೆದಾರನ ಹಕ್ಕು ಮತ್ತು ಕರ್ತವ್ಯ.